ಗುಡಿಸಿ ಸಾರಿಸಿದ ಮನೆ

ವಿಜಾಪುರಕ್ಕೆ ಬಂದ ಎರಡನೆಯ ಚಳಿಗಾಲ. ಒಂದು ಬೆಳಿಗ್ಗೆ ಎದ್ದಾಗ ಒಲೆಯ ಹಿಂದೆ ಇಲಿ ಸತ್ತು ಬಿದ್ದಿತ್ತು. ಬಾಲ ಹಿಡಿದು ಹಿತ್ತಲಿಗೆ ಒಯ್ದು ಎಸೆದೆ. ಕರಾವಳಿಯ ನಮ್ಮ ಊರಿನಲ್ಲಿ ನೀವೂ ಹಾಗೆಯೇ ಮಾಡುತ್ತೀರಿ. ಸತ್ತ ಇಲಿಯೆಂದರೆ ಅಕ್ಕಿ ಮುಡಿಗೆ ಒಬ್ಬ ಶತ್ರು ಕಡಿಮೆ, ಅಷ್ಟೆ. ಎಮ್ಮೆಗೆ ಮೇವು ಹಾಕುತ್ತಿದ್ದ ಮನೆಯೊಡತಿ ನೀಲವ್ವ ನನ್ನ ಕೈಯನ್ನು ನೋಡಿದಳು, ಬೇಲಿಯ ಬುಡದಲ್ಲಿ ಬಿದ್ದ ಇಲಿಯನ್ನು ನೋಡಿದಳು, ಮೇವಿನ ಕಟ್ಟನ್ನು ಮೆಲ್ಲಗೆ ಕೆಳಗಿಟ್ಟಳು.

"ಎಷ್ಟ ಬಿದ್ದಾವ್ರಿ ಮಾಸ್ತರ?"

"ಒಂದೇ."

"ನಿನ್ನಿ?"

"ನಿನ್ನೆಯೂ ಒಂದು ಇತ್ತು."

ಅವಳು ಬೈಯಲಿಲ್ಲ. ಓಣಿಗೆ ಹೋಗಿ ನಿಂತು, ಹಾಲು ತೀರಿತು ಎಂದು ಹೇಳುವ ದನಿಯಲ್ಲೇ "ಇಲಿ ಬಿದ್ದಾವ" ಎಂದಳು. ಪ್ಲೇಗ್ ಬಂತೆಂಬ ಆ ಮಾತನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಒಂದು ಮನೆಯ ಒಲೆಗೆ ನೀರು ಸುರಿದ ಸದ್ದು ಕೇಳಿತು, ಆಮೇಲೆ ಇನ್ನೊಂದರದು. ಮಧ್ಯಾಹ್ನದೊಳಗೆ ಇಬ್ರಾಹಿಂಪುರದ ನಮ್ಮ ಓಣಿಯಲ್ಲಿ ಉಳಿದದ್ದು ಬೀಗಗಳು ಮತ್ತು ನಾಯಿಗಳು.

ನಿನ್ನೆಯೂ ಒಂದು ಇತ್ತು ಎಂದು ನಾನು ಅಂದದ್ದು ನಿಜವೇ? ಆ ದಿನ ಅದು ನಿಜವೆಂದೇ ಅನಿಸಿತ್ತು. ಈಗ ಐದಾರು ವರ್ಷ ಕಳೆದು ಇದನ್ನು ಬರೆಯುವಾಗ, ನಾಲ್ಕೈದು ದಿನಗಳಿಂದ ಬೀಳುತ್ತಿದ್ದವೋ ಏನೋ ಎಂಬ ಸಂಶಯ ಹುಟ್ಟಿದೆ. ನನ್ನ ನೆನಪನ್ನು ನಂಬಿ ಯಾರೂ ಏನನ್ನೂ ಮಾಡಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಡಲ ತೀರ ಬಿಟ್ಟು ಇಷ್ಟು ದೂರ ಏಕೆ ಬಂದೆ ಎಂದು ಕಾಗದಗಳಲ್ಲಿ ಕೇಳುತ್ತೀರಿ. ಇಲ್ಲಿನ ಹೈಸ್ಕೂಲೊಂದರಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸುವವರು ಬೇಕಾಗಿದ್ದರು ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ನಿಮಗೆ ಗೊತ್ತು. ಮದರಾಸಿನಲ್ಲಿ ಓದಿ ಬಂದ ಮೇಲೆ ನಾನು ಇಗರ್ಜಿಯ ಬಾಗಿಲಲ್ಲಿ ಕೇಳುತ್ತಿದ್ದ ಪ್ರಶ್ನೆಗಳಿಂದ ಮನೆಯವರಿಗೆ ತಲೆ ಎತ್ತಿ ನಡೆಯುವುದು ಕಷ್ಟವಾಗಿತ್ತು. ಎಲ್ಲಿಯೂ ಎರಡು ವರ್ಷಕ್ಕಿಂತ ಹೆಚ್ಚು ನಿಲ್ಲಲಾಗದ ಕಾಲು ನನ್ನದು. ಪಾದ್ರಿಗಳು ಎರಡು ತಿಂಗಳಿಗೊಮ್ಮೆ ರೈಲಿನಲ್ಲಿ ಬಂದು ಹೋಗುವ ಊರೆಂದು ಕೇಳಿದಾಗ ನನಗೆ ಒಳಗೊಳಗೇ ಹಗುರವಾಗಿತ್ತು.

ಬಂದಿಳಿದಾಗ ಮೊದಲು ಕಾಡಿದ್ದು ಆಕಾಶ. ನಮ್ಮಲ್ಲಿ ತೆಂಗಿನ ಗರಿಗಳ ನಡುವೆ ತುಣುಕು ತುಣುಕಾಗಿ ಕಾಣುವುದು ಇಲ್ಲಿ ನಾಲ್ಕೂ ಕಡೆ ನೆಲದವರೆಗೆ ಇಳಿದಿರುತ್ತದೆ, ಅಡಗಲು ಜಾಗವಿಲ್ಲ. ಮನೆಗಳಿಗೆ ಹಂಚಿಲ್ಲ. ಮಣ್ಣು ಹೊದಿಸಿದ ಸಮತಟ್ಟು ಚಾವಣಿಗೆ ಮಾಳಿಗೆ ಎನ್ನುತ್ತಾರೆ, ಅದರ ಮೇಲೆಯೇ ಕಾಳು ಒಣಗಿಸುತ್ತಾರೆ, ಬೇಸಿಗೆಯಲ್ಲಿ ಮಲಗುತ್ತಾರೆ. ಅಂಗಳದ ಬಾವಿಯಿಂದ ನೀರು ಸೇದಿ ಬೆಳೆದ ನನ್ನ ಹೆಂಡತಿ ಕಾರ್ಮಿನ್, ಬಾವಡಿ ಎಂಬ ಮೆಟ್ಟಿಲು ಬಾವಿಗೆ ಕೊಡ ಹೊತ್ತು ಇಳಿಯುವುದನ್ನು ಕಲಿತಳು. ಕುಚ್ಚಿಲಕ್ಕಿಯ ಬದಲು ಜೋಳದ ರೊಟ್ಟಿ. ಅವಳು ತಟ್ಟಿದ ಮೊದಲ ರೊಟ್ಟಿ ಕೈಯಲ್ಲೇ ಹರಿದಾಗ ನೀಲವ್ವ, "ತಂಗಿ, ಅದು ಹಿಟ್ಟ, ನಿನ್ನ ಗಂಡ ಅಲ್ಲ. ಒಂದೀಟ ಮೆತ್ತಗ ತಟ್ಟು" ಎಂದಿದ್ದಳು. ಮೂರು ತಿಂಗಳಲ್ಲಿ ರೊಟ್ಟಿ ದುಂಡಗಾಯಿತು. ಆರು ತಿಂಗಳಲ್ಲಿ ನಾನು ಹುಡುಗರಿಗೆ ಕೂತುಕೊಳ್ಳಿ ಎನ್ನುವ ಬದಲು "ಕುಂಡ್ರಿ" ಎನ್ನತೊಡಗಿದೆ. ನಮ್ಮ ದೊಡ್ಡ ಗೆಲುವುಗಳು ಇಷ್ಟೇ.

ಮೀನು ಮಾತ್ರ ಇಲ್ಲಿಲ್ಲ. ಕ್ರಿಸ್ಮಸ್ ಹೊತ್ತಿಗೆ ಮಾವನವರು ಒಣಮೀನಿನ ಗಂಟು ಕಟ್ಟಿ ಕಳಿಸುತ್ತಿದ್ದರು. ಅದನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು, ವಾರಕ್ಕೊಮ್ಮೆ ಬಾಗಿಲು ಹಾಕಿಕೊಂಡು ಸುಡುತ್ತಿದ್ದೆವು. ಮೊದಲ ಸಲ ಆ ವಾಸನೆ ಬಂದಾಗ ನೀಲವ್ವ ಬಾಗಿಲು ಬಡಿದು, "ಮಾಸ್ತರ, ನಿಮ್ಮ ಪೆಟ್ಟಿಗ್ಯಾಗ ಏನೋ ಸತ್ತೈತಿ ನೋಡ್ರಿ" ಎಂದಳು. ಮೀನೆಂದು ಹೇಳಿದ ಮೇಲೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ನಕ್ಕಳು. ಆಮೇಲೆ ಯಾವ ಕೆಟ್ಟ ನಾತ ಬಂದರೂ ಅವಳ ಬಾಯಲ್ಲಿ ಅದು "ಮಾಸ್ತರ ಮೀನ".

ಅದೇ ಗಂಟಿನಲ್ಲಿ ಇನ್ನೊಂದು ವಸ್ತುವೂ ಬರುತ್ತಿತ್ತು. ಮಾವನವರು ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚುವ, ಗಂಟೆ ಹೊಡೆಯುವ ಕೆಲಸ ಮಾಡಿದವರು. ಪ್ರತಿ ಭಾನುವಾರ ಇಗರ್ಜಿಯಲ್ಲಿ ಓದುವ ಸುವಾರ್ತೆಯ ಭಾಗವನ್ನು ಏಳು ತುಂಡು ಮಾಡಿ, ವಾರದ ಏಳು ದಿನಕ್ಕೆ ಹಂಚಿ, ವರ್ಷಪೂರ್ತಿಯ ಪಟ್ಟಿಯನ್ನು ಕನ್ನಡ ಅಕ್ಷರದಲ್ಲಿ ಕೈಯಾರೆ ಬರೆದು, ನೂಲಿನಿಂದ ಹೊಲಿದು ಮಗಳಿಗೆ ಕಳಿಸುತ್ತಿದ್ದರು. ತಿಂಗಳು ಮತ್ತು ವಾರ ಬರೆಯುತ್ತಿದ್ದರೇ ಹೊರತು ಇಸವಿ ಬರೆಯುವ ರೂಢಿ ಅವರಿಗಿರಲಿಲ್ಲ. ಕಾರ್ಮಿನ್ ಎರಡನೆಯ ತರಗತಿಗೇ ಶಾಲೆ ಬಿಟ್ಟವಳು. ಓದುವ ಕೆಲಸ ನನ್ನದು. ದೀಪ ಹಚ್ಚಿ, ಜಪಮಾಲೆ ಮುಗಿಸಿ, ಆ ದಿನದ ಭಾಗ ಓದಿದ ಮೇಲೆ ಅವಳ ತವರಿನ ಒಂದು ಪದ್ಧತಿ: ಓದಿದ್ದರಿಂದ ಮನೆಗೊಂದು, ಕೆಲಸಕ್ಕೊಂದು, ತನಗೊಂದು ಮಾತು ಆಯ್ದು ಹೇಳಬೇಕು. ಮರುದಿನ ಅದರಂತೆ ನಡೆಯಬೇಕು.

ನಾನು ನಂಬದೆಯೇ ಓದುತ್ತಿದ್ದೆ. ಪಾಠ ಒಪ್ಪಿಸುವವನ ಹಾಗೆ ಮೂರು ಮಾತು ಹೇಳುತ್ತಿದ್ದೆ. ಆದರೆ ಒಂದು ಸಂಗತಿ ಒಪ್ಪಿಕೊಳ್ಳಬೇಕು: ಪಾಪ ಮಾಡದವನು ಮೊದಲ ಕಲ್ಲು ಎಸೆಯಲಿ ಎಂಬುದನ್ನು ಓದಿದ ಮರುದಿನ ನಾನು ತರಗತಿಯಲ್ಲಿ ಬೆತ್ತ ಎತ್ತಲಿಲ್ಲ. ಆಮೇಲೂ ಹೆಚ್ಚು ಎತ್ತಲಿಲ್ಲ.

ನೀಲವ್ವ ಹೊಸ್ತಿಲ ಆಚೆ ಕೂತು ಕೇಳುತ್ತಿದ್ದಳು. ಐವತ್ತರ ವಿಧವೆ, ಎರಡು ಎಮ್ಮೆ, ಕತ್ತರಿಯಂಥ ನಾಲಗೆ. ದ್ರಾಕ್ಷಿತೋಟದ ಯಜಮಾನ ಸಂಜೆ ಬಂದವನಿಗೂ ಬೆಳಿಗ್ಗೆ ಬಂದವನಿಗೂ ಒಂದೇ ಕೂಲಿ ಕೊಟ್ಟ ಕತೆ ಓದಿದಾಗ ಅವಳು ತಲೆಯಾಡಿಸಿ, "ಅಂಥಾ ಮಾಲಕಗ ಮರುದಿನ ಮುಂಜಾನಿ ಒಬ್ಬ ಆಳು ಸಿಗಂಗಿಲ್ಲ ಬಿಡ್ರಿ, ಎಲ್ಲಾರೂ ಸಂಜಿಗೇ ಬರತಾರ" ಎಂದಳು. ಮೂರು ಮಾತು ಮುಗಿದ ಮೇಲೆ ಅವಳದೊಂದು ಪ್ರಶ್ನೆ ಇದ್ದೇ ಇರುತ್ತಿತ್ತು: "ಮನಿಗಾತು, ಕೆಲಸಕ್ಕಾತು, ನಿಮಗಾತು. ನನ್ನ ಎಮ್ಮಿಗೇನೈತ್ರಿ?"

ಇಲಿ ಬಿದ್ದ ದಿನ ಅವಳೇ ನಮ್ಮನ್ನು ಹೊರಡಿಸಿದಳು. ಟಿಕೋಟದ ಹೊರಗೆ ಅವಳ ತಮ್ಮ ಮಲ್ಲೇಶಪ್ಪನ ಹೊಲವಿತ್ತು. ಇಲ್ಲಿಯವರು ಪ್ಲೇಗಿನ ಜೊತೆ ವಾದಿಸುವುದಿಲ್ಲ. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಾರೆ, ರೋಗ ತನ್ನ ಹಸಿವು ತೀರಿಸಿಕೊಂಡು ಹೋಗುವವರೆಗೆ ಕಾಯುತ್ತಾರೆ. ನಮ್ಮಲ್ಲಿ ಅಂಗಳಕ್ಕೆ ನೆರೆ ನುಗ್ಗಿದರೂ ಮಂಚದ ಮೇಲೆ ಮಂಚ ಹಾಕಿ ಮನೆಯಲ್ಲೇ ಉಳಿಯುತ್ತೇವೆ. ಮನೆ ಬಿಡುವುದು ನಮಗೆ ಸೋಲು, ಇವರಿಗೆ ವಿವೇಕ.

ಎತ್ತಿನ ಚಕ್ಕಡಿ ಬಾಗಿಲಲ್ಲಿ ನಿಂತಿತ್ತು. ಕಾರ್ಮಿನ್ ನಾಲ್ಕು ವರ್ಷದ ಮಗಳು ಲಿಲ್ಲಿಯನ್ನು ಎತ್ತಿಕೊಂಡು, "ಪಟ್ಟಿ ತನ್ನಿ" ಎಂದಳು. ನಾನು ಪೆಟ್ಟಿಗೆ ತೆರೆದೆ. ಒಳಗೆ ಎರಡು ಪಟ್ಟಿಗಳಿದ್ದವು: ಆ ವರ್ಷ ಓದಿ ಮುಗಿಸಿದ್ದು, ಹೊಸ ವರ್ಷಕ್ಕೆಂದು ಆಗಷ್ಟೇ ಬಂದದ್ದು. ತಂದೆಯ ಅಕ್ಷರವೆಂದು ಹಳೆಯದನ್ನೂ ಅವಳು ಎಸೆಯುತ್ತಿರಲಿಲ್ಲ. ಒಂದನ್ನು ಕೆಂಪು ನೂಲಿನಲ್ಲಿ ಹೊಲಿದಿದ್ದರು, ಇನ್ನೊಂದನ್ನು ಬಿಳಿಯದರಲ್ಲಿ. ನಾನು ಕೆಂಪು ನೂಲಿನದನ್ನು ತೆಗೆದುಕೊಂಡೆ.

ಹೊಲದಲ್ಲಿ ಮೂರು ಗುಡಿಸಲು ಹಾಕಿದೆವು: ಮಲ್ಲೇಶಪ್ಪನ ಮನೆಯವರಿಗೊಂದು, ನೀಲವ್ವನಿಗೊಂದು, ನಮಗೊಂದು. ಜೋಳದ ದಂಟಿನ ಗೋಡೆ. ಗಾಳಿ ಬೀಸಿದರೆ ಯಾರೋ ಹೊರಗೆ ಪಿಸುಗುಟ್ಟಿದಂತೆ ಸದ್ದು. ಊರ ಕಡೆಯಿಂದ ಬಂದವರು ದೂರದಲ್ಲೇ ನಿಂತು, ಯಾವ ಓಣಿಯಲ್ಲಿ ಯಾರು ಹೋದರೆಂದು ಕೂಗಿ ಹೇಳಿ ಮುಂದೆ ಹೋಗುತ್ತಿದ್ದರು. ಹೆಸರುಗಳಲ್ಲಿ ಅರ್ಧ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವರಿಗಾಗಿ ಅಳಲಾರದೆ, ಸುಮ್ಮನಿರಲೂ ಆಗದೆ ಕೂತಿರುವುದು ಹೊರಗಿನವನ ಒಂಟಿತನ. ಅದನ್ನು ನಿಮಗೆ ಹೇಗೆ ವಿವರಿಸಲಿ?

ಬಬಲೇಶ್ವರದಲ್ಲಿ ಪ್ಲೇಗಿನ ಸೂಜಿ ಹಾಕುತ್ತಾರೆಂದು ಸುದ್ದಿ ಬಂತು. ಮಲ್ಲೇಶಪ್ಪ ಚಕ್ಕಡಿ ಹೂಡಿದ. ನೀಲವ್ವ ಹತ್ತಲಿಲ್ಲ.

"ರೋಗ ಬರೂಕಿಂತ ಮದಲ ಔಷಧ ಅಂದ್ರ, ಹಸಿವಿ ಆಗೂಕಿಂತ ಮದಲ ಉಂಡಂಗ. ನೀವು ಹೋಗ್ರಿ, ಎಮ್ಮಿ ನೋಡವ್ರು ಯಾರು?"

"ಅಕ್ಕಾ, ಎಮ್ಮಿ ನಾ ನೋಡತೇನಿ, ನಾಳಿಗೆ ನೀ ಹೋಗು" ಎಂದ ಮಲ್ಲೇಶಪ್ಪ.

"ನೀ ನೋಡಿದ್ರ ಎಮ್ಮಿ ಹಾಲ ಬಿಡತದೇನೋ, ನಿನ್ನ ಮಾರಿ ನೋಡಿ?"

ನಾವು ಮೂವರೂ ಅವನೂ ಸೂಜಿ ಹಾಕಿಸಿಕೊಂಡು, ಎರಡು ದಿನ ಜ್ವರದಲ್ಲಿ ಮಲಗಿ ಎದ್ದೆವು. ನೀಲವ್ವನಿಗೆ ನಾನು ಒಮ್ಮೆ ಹೇಳಿದ ನೆನಪು. ಎರಡನೆಯ ಸಲ ಹೇಳಿದ ನೆನಪಿಲ್ಲ.

ಫೆಬ್ರವರಿಯಲ್ಲಿ ಪಟ್ಟಿಯಂತೆ ತಪಸ್ಸಿನ ಕಾಲ ಶುರುವಾಯಿತು. ಈಸ್ಟರಿಗೆ ಮುಂಚಿನ ಆ ದಿನಗಳಲ್ಲಿ ಕಾರ್ಮಿನ್ ದಿನಕ್ಕೆ ಒಂದೇ ಊಟ ಮಾಡುವವಳು. ಮೊದಲ ದಿನವಾದ ಬೂದಿಯ ಬುಧವಾರದ ಭಾಗ ಓದಿದಾಗ ಅವಳು ಲೆಕ್ಕ ಹಾಕುವಂತೆ ಬೆರಳು ಮಡಚಿದಳು.

"ಈ ಸಲ ಬೇಗ ಬಂತಲ್ಲ?"

"ಪಟ್ಟಿಯಲ್ಲಿ ಹಾಗಿದೆ."

"ಹೋದ ವರ್ಷವೂ ಇದೇ ಹೊತ್ತಿಗಲ್ಲವೇ?"

"ಇರಬಹುದು" ಎಂದೆ.

ಈಸ್ಟರ್ ಚಂದ್ರನ ಜೊತೆ ಚಲಿಸುತ್ತದೆ, ಒಂದು ವರ್ಷ ಮಾರ್ಚಿಯಲ್ಲಿ ಬಂದರೆ ಇನ್ನೊಂದು ವರ್ಷ ಏಪ್ರಿಲ್ ಕೊನೆಗೆ ಬರುತ್ತದೆ ಎಂದು ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ನಾನು ಗಣಿತದ ಮಾಸ್ತರ. ಹೊಲದಲ್ಲಿ ಕೂತು ಚಂದ್ರನನ್ನು ನೋಡಲು ನನಗೆ ಬೇಕಾದಷ್ಟು ಸಮಯವಿತ್ತು.

ಮಾರ್ಚಿ ಮೊದಲ ವಾರದ ಓದು: ಬೆಟ್ಟದ ಮೇಲೆ ಬೆಳಕು ಕಂಡ ಶಿಷ್ಯ ಪೇತ್ರ, ನಾವಿಲ್ಲಿರುವುದು ಒಳ್ಳೆಯದು, ಮೂರು ಗುಡಾರ ಹಾಕೋಣ ಎನ್ನುತ್ತಾನೆ. ನಾನು ಓದಿ ತಲೆಯೆತ್ತಿದೆ. ಮೂರು ಗುಡಿಸಲುಗಳ ಒಲೆಗಳಿಂದ ಹೊಗೆ ಏಳುತ್ತಿತ್ತು. "ನಿಮ್ಮ ಪುಸ್ತಕದಾಗ ನಮ್ಮ ಹೊಲಾ ಐತೇನ್ರಿ?" ಎಂದು ನೀಲವ್ವ ಮೆಲ್ಲಗೆ ಕೇಳಿದಳು. ಕಾಕತಾಳ ಎಂದು ನಾನು ಹೇಳಿದೆ. ಆದರೆ ಆ ಸಾಲನ್ನು ಇನ್ನೊಮ್ಮೆ ಓದಿಕೊಂಡೆ.

ಮುಂದಿನ ವಾರ ಮಲ್ಲೇಶಪ್ಪ, ಸಾವಿನ ಸುದ್ದಿ ಕಡಿಮೆಯಾಗಿದೆ, ನೀವು ಇಬ್ರಾಹಿಂಪುರಕ್ಕೆ ಮರಳಬಹುದೇನೋ ಎಂದ. ಆ ಸಂಜೆಯ ಓದು ಇದು: ಮನುಷ್ಯನನ್ನು ಬಿಟ್ಟುಹೋದ ಅಶುದ್ಧಾತ್ಮ ನೀರಿಲ್ಲದ ಕಡೆಗಳಲ್ಲಿ ಅಲೆಯುತ್ತದೆ. ನೆಲೆ ಸಿಗದೆ ಹಳೆಯ ಮನೆಗೇ ಮರಳಿ ಬರುತ್ತದೆ. ಮನೆ ಗುಡಿಸಿ ಅಲಂಕರಿಸಿದ್ದು ಕಾಣುತ್ತದೆ. ಆಗ ತನಗಿಂತ ಕೆಟ್ಟ ಏಳು ಆತ್ಮಗಳನ್ನು ಕರೆತಂದು ಒಳಗೆ ನೆಲೆಸುತ್ತದೆ.

"ನೀರಿಲ್ಲದ ಕಡೆ ಅಂದ್ರ ನಮ್ಮ ಸೀಮಿನ. ನಾ ಅಂತೂ ಮನಿ ಗುಡಸಂಗಿಲ್ಲಪಾ" ಎಂದಳು ನೀಲವ್ವ.

"ಮನೆಗೆ?" ಎಂದು ಕಾರ್ಮಿನ್ ನನ್ನನ್ನು ಕೇಳಿದಳು, ಪದ್ಧತಿಯಂತೆ.

"ಈಗಲೇ ಹೋಗುವುದು ಬೇಡ" ಎಂದೆ. ಪಾಠ ಒಪ್ಪಿಸುವ ದನಿ ಅದಾಗಿರಲಿಲ್ಲ.

ಹೋಗಲಿಲ್ಲ. ಮೂರು ದಿನದ ಮೇಲೆ, ನಮ್ಮ ಓಣಿಗೇ ಅವಸರದಲ್ಲಿ ಮರಳಿದ್ದ ಒಂದು ಮನೆಯಲ್ಲಿ ಗಂಡಹೆಂಡತಿ ಇಬ್ಬರೂ ಹೋದರೆಂದು ರಸ್ತೆಯಿಂದ ಕೂಗಿ ಹೇಳಿದರು. ಅಂದಿನಿಂದ ಮಲ್ಲೇಶಪ್ಪ ಹೊಲಕ್ಕೆ ನೀರು ಬಿಡುವ ಮುಂಚೆಯೂ "ಮಾಸ್ತರ, ಇವತ್ತ ಏನ ಬಂದೈತ್ರಿ?" ಎಂದು ಕೇಳತೊಡಗಿದ. ನಾನು ನಗಲಿಲ್ಲ. ಸಂಜೆಗಾಗಿ ಕಾಯುತ್ತಿದ್ದವರಲ್ಲಿ ನಾನೂ ಒಬ್ಬ. ಇಪ್ಪತ್ತು ವರ್ಷ ಸಂಶಯಪಟ್ಟವನು ನಂಬಲು ಶುರುಮಾಡಿದರೆ ಭಕ್ತರಿಗಿಂತ ಕುರುಡಾಗಿ ನಂಬುತ್ತಾನೆ.

ಮಾರ್ಚಿ ಕೊನೆಗೆ ಹೈಸ್ಕೂಲಿನಿಂದ ಕಾಗದ ಬಂತು. ಶಾಲೆ ತೆರೆಯುತ್ತಿದೆ, ಬಾರದಿದ್ದರೆ ನಿಮ್ಮ ಜಾಗಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ. ಓಣಿಯ ಮನೆಗಳಿಗೆ ಔಷಧದ ಹೊಗೆ ಹಾಕಿ, ಮಾಳಿಗೆಗೆ ತೂತು ಕೊರೆದು ಬಿಸಿಲು ಬಿಟ್ಟಿದ್ದಾರೆಂದೂ ಕೇಳಿದೆವು. ನನಗೆ ಹೊಲ ಸಾಕಾಗಿತ್ತು. ಹಲಗೆ, ಸೀಮೆಸುಣ್ಣ, ಸ್ಟೇಷನ್ ರಸ್ತೆಯ ಚಹಾ ಎಲ್ಲವೂ ಕರೆಯುತ್ತಿದ್ದವು. ಆ ಭಾನುವಾರದ ಪಟ್ಟಿಯಲ್ಲಿ, ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಹಬ್ಬದ ಓದು ಇತ್ತು: ನಿಮ್ಮ ಎದುರಿಗಿರುವ ಊರಿಗೆ ಹೋಗಿರಿ, ಅಲ್ಲಿ ಕಟ್ಟಿಹಾಕಿದ ಕತ್ತೆಯನ್ನೂ ಅದರ ಮರಿಯನ್ನೂ ಕಾಣುವಿರಿ.

"ಮನೆಗೆ?" ಎಂದಳು ಕಾರ್ಮಿನ್.

"ಹೋಗೋಣ."

"ಕೆಲಸಕ್ಕೆ?"

"ಹೋಗೋಣ."

"ನಿಮಗೆ?"

ನಾನೇನು ಹೇಳಿದೆನೋ ನೆನಪಿಲ್ಲ. ಮಲ್ಲೇಶಪ್ಪನ ಹೆಂಡತಿ ಮಕ್ಕಳು ಇನ್ನೆರಡು ವಾರ ಇರೋಣ ಎಂದರು. ನೀಲವ್ವ ಮಾತ್ರ ಎದ್ದು ನಿಂತಳು. "ಮಾಸ್ತರ ಹೊಂಟ್ರ ನಾನೂ ಹೊಂಡತೇನಿ. ಆ ಕತ್ತಿ ಮರಿ ಕಂಡ್ರ ಒಳಗ, ಕಾಣಲಿಕ್ಕರ ಹೊರಗ."

ಓಣಿಯ ಬಾಯಲ್ಲಿ ಅಗಸರ ಮನೆಯ ಗೂಟಕ್ಕೆ ಕತ್ತೆ ಕಟ್ಟಿತ್ತು, ಪಕ್ಕದಲ್ಲಿ ಅದರ ಮರಿ. ನೀಲವ್ವ ಚಕ್ಕಡಿಯಿಂದ ಇಳಿದು ಕತ್ತೆಯ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಲ್ಲಿ ಯಾವಾಗಲೂ ಕತ್ತೆ ಕಟ್ಟಿರುತ್ತದೆ ಎಂಬುದು ನಮಗಿಬ್ಬರಿಗೂ ಗೊತ್ತಿತ್ತು.

ಬೀಗ ತೆಗೆದಾಗ ಒಳಗಿನಿಂದ ನಾತ ಬಂತು. ಗಾಢವಾಗಿರಲಿಲ್ಲ, ಆದರೆ ಇತ್ತು. ನೀಲವ್ವ ಹೊಸ್ತಿಲಲ್ಲೇ ನಿಂತಳು.

"ಏನೋ ಸತ್ತಂಗೈತ್ರಿ."

"ಅದು ನಮ್ಮ ಮೀನು. ಅವಸರದಲ್ಲಿ ಪೆಟ್ಟಿಗೆಯಲ್ಲೇ ಬಿಟ್ಟು ಹೋಗಿದ್ದೆವು" ಎಂದೆ.

"ಮಾಸ್ತರ ಮೀನ" ಎಂದು ನಕ್ಕು ಅವಳು ತನ್ನ ಭಾಗದ ಬಾಗಿಲು ತೆರೆದಳು. ನಮ್ಮ ಎರಡು ಕೋಣೆಗೂ ಅವಳ ಎರಡು ಕೋಣೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಸ್ವಲ್ಪ ಹೊತ್ತಿಗೆ ಕಸಬರಿಗೆಯ ಸದ್ದು ಕೇಳಿತು, ಆಮೇಲೆ ನೆಲ ಸಾರಿಸಲು ಸಗಣಿ ಕಲಸುವ ಸದ್ದು. ಕಾರ್ಮಿನ್ ಲಿಲ್ಲಿಯನ್ನು ಕರೆದುಕೊಂಡು ನೀರಿಗೆ ಹೋಗಿದ್ದಳು. ಮೀನನ್ನು ಎಸೆಯೋಣವೆಂದು ನಾನು ಪೆಟ್ಟಿಗೆ ತೆರೆದೆ.

ಮೀನು ಇರಲಿಲ್ಲ. ಆಗ ನೆನಪಾಯಿತು: ಮೀನಿನ ಗಂಟನ್ನು ಕಾರ್ಮಿನ್ ಅಂದೇ ಚಕ್ಕಡಿಗೆ ಹಾಕಿದ್ದಳು, ಹೊಲದಲ್ಲಿ ಅದನ್ನು ಸುಟ್ಟು ತಿಂದು ಮುಗಿಸಿದ್ದೆವು. ಪೆಟ್ಟಿಗೆಯಲ್ಲಿದ್ದದ್ದು ಬಿಳಿ ನೂಲಿನ ಪಟ್ಟಿ. ಹಾಳೆಗಳು ಹೊಸವು, ಒಂದೂ ಮಡಚಿರಲಿಲ್ಲ, ಎಲ್ಲಿಯೂ ಎಣ್ಣೆಯ ಕಲೆಯಿರಲಿಲ್ಲ. ಮಾರ್ಚಿ ಕೊನೆಯ ಭಾನುವಾರವನ್ನು ತೆಗೆದೆ. ಗರಿಗಳ ಹಬ್ಬ ಅಲ್ಲಿರಲಿಲ್ಲ. ಅದಕ್ಕೆ ಇನ್ನೂ ಮೂರು ವಾರವಿತ್ತು. ಆ ದಿನಕ್ಕೆ ಮಾವನವರು ಬರೆದಿದ್ದದ್ದು, ಬಿಟ್ಟುಹೋದ ಆತ್ಮ ಮರಳಿ ಬಂದು, ಗುಡಿಸಿ ಅಲಂಕರಿಸಿದ ಮನೆಯನ್ನು ಕಾಣುವ ಭಾಗ.

ಗೋಡೆಯ ಆಚೆ ನೀಲವ್ವ ಗುಡಿಸುತ್ತಿದ್ದಳು.

ಇಲ್ಲಿಯೇ ನನ್ನ ನೆನಪು ನನಗೆ ಮೋಸ ಮಾಡುತ್ತದೆ. ಒಂದು ಕ್ಷಣ ನಿಂತೆ, ತಕ್ಷಣ ಓಡಿಹೋಗಿ ಅವಳನ್ನು ಹೊರಗೆ ಕರೆದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಆದರೆ ಪೆಟ್ಟಿಗೆ ತೆರೆದಾಗ ಅವಳು ಒಳಕೋಣೆ ಗುಡಿಸುತ್ತಿದ್ದಳು. ನಾನು ಹೋಗಿ ಕರೆದಾಗ ಎರಡೂ ಕೋಣೆಗಳ ನೆಲ ಸಾರಿಸಿ ಆಗಿತ್ತು, ಹೊಸ್ತಿಲ ಮುಂದೆ ರಂಗೋಲಿಯ ಕೊನೆಯ ಎಳೆ ಬಿಡುತ್ತಿದ್ದಳು. ಅಷ್ಟು ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ನಿಮ್ಮ ಮನೆಯ ಹೆಂಗಸರನ್ನು ಕೇಳಿ. ಅಷ್ಟು ಹೊತ್ತು ನಾನು ಏನು ಮಾಡುತ್ತಿದ್ದೆ? ಮುದುಕನೊಬ್ಬ ಬರೆದ ಕಾಗದಕ್ಕೆ ಹೆದರಿ ಓಡುವುದೇ ಎಂದು ಓದಿದ ತಲೆ ಕೇಳುತ್ತಿತ್ತು. ಇಷ್ಟು ದಿನ ತಪ್ಪು ಕಾಗದ ಓದಿದೆನೆಂದು ಎಲ್ಲರೆದುರು ಹೇಳುವುದು ಹೇಗೆಂದು ನಾಚಿಕೆ ಕೇಳುತ್ತಿತ್ತು. ಮರುದಿನ ಶಾಲೆಗೆ ಹೋಗಲೇಬೇಕಿತ್ತು. ಇವೆಲ್ಲಕ್ಕಿಂತ ಸರಳವಾದ ಮಾತೊಂದಿತ್ತು, ಅದಕ್ಕೆ ಯಾವ ಪಟ್ಟಿಯೂ ಬೇಕಿರಲಿಲ್ಲ: ಮೀನಿಲ್ಲ, ನಾತ ಇದೆ.

"ನೀಲವ್ವ, ಹೊರಗೆ ಬಾ. ಅದು ಮೀನಲ್ಲ."

ಅವಳು ರಂಗೋಲಿಯ ಬಟ್ಟಲು ಹಿಡಿದು ನನ್ನನ್ನು ನೋಡಿದಳು. ಚಿಗಟ ಕಚ್ಚಿದವಳಂತೆ ಕಾಲಿನಿಂದ ಕಾಲನ್ನು ಕೆರೆದುಕೊಂಡಳು. ಆ ಕೆರೆತ ನನ್ನ ಕಣ್ಣಲ್ಲಿ ಈಗಲೂ ಇದೆ; ನೆನಪು ಅದನ್ನು ಮಾತ್ರ ಅಳಿಸಿಲ್ಲ. ಹೊರಗಿನಿಂದ ಉದ್ದ ಕೋಲು ತಂದು ಅವಳ ಕಾಳಿನ ಗುಡಾಣವನ್ನು ಸರಿಸಿದೆವು. ಹಿಂದೆ ಎರಡು ಇಲಿಗಳಿದ್ದವು, ಒಂದು ಇನ್ನೂ ಮೆತ್ತಗಿತ್ತು.

ಸಂಜೆಯೊಳಗೆ ಮತ್ತೆ ಟಿಕೋಟದ ಹೊಲದಲ್ಲಿದ್ದೆವು. ಇಳಿಯುವಾಗ ನೀಲವ್ವ, "ಕತ್ತಿ ಸುಳ್ಳ ಹೇಳತು ನೋಡ್ರಿ" ಎಂದಳು. ನಾಲ್ಕನೆಯ ದಿನ ಅವಳಿಗೆ ಚಳಿಜ್ವರ ಬಂತು. ತೊಡೆಯ ಸಂದಿಯಲ್ಲಿ ಗಂಟು ಎದ್ದಿತು. ಅವಳೇ ತನ್ನ ಗುಡಿಸಲನ್ನು ದೂರ ಹಾಕಿಸಿಕೊಂಡು, ತಮ್ಮನನ್ನೂ ಹತ್ತಿರ ಬರಗೊಡಲಿಲ್ಲ. ಸೂಜಿ ಹಾಕಿಸಿಕೊಂಡಿದ್ದೇವೆಂದು ಕಾರ್ಮಿನ್ ಹೋಗಿ ನೀರು ಕೊಟ್ಟು ಬರುತ್ತಿದ್ದಳು. ನಾನು ಬಾಗಿಲವರೆಗೆ ಹೋಗುತ್ತಿದ್ದೆ.

"ಇವತ್ತ ಏನ ಓದಿದ್ರಿ ಮಾಸ್ತರ?" ಎಂದು ಒಳಗಿನಿಂದ ಕೇಳಿದಳು.

"ಓದಿಲ್ಲ."

"ಓದ್ರಿ. ಎಮ್ಮಿಗೇನರ ಇದ್ರ ಹೇಳ್ರಿ."

ಕೆಂಪು ನೂಲಿನ ಪಟ್ಟಿಯ ಪ್ರಕಾರ ಅವಳು ಈಸ್ಟರ್ ಭಾನುವಾರ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಕಾರ್ಮಿನ್ ದೀಪದ ಮುಂದೆ ಕೂತು, ಓದಿ ಎಂದಳು. ನನ್ನ ಕೈಯಲ್ಲಿ ಹಳೆಯ ಪಟ್ಟಿ, ಕೋಟಿನ ಒಳಜೇಬಿನಲ್ಲಿ ಹೊಸದು. ನಸುಕಿನಲ್ಲಿ ಸಮಾಧಿಗೆ ಬಂದ ಹೆಂಗಸರು, ಉರುಳಿಸಿದ ಕಲ್ಲನ್ನು ಕಂಡ ಭಾಗವನ್ನು ಓದಿದೆ. ಆ ಹಾಳೆಯ ಮೂಲೆಯಲ್ಲಿ ಎಣ್ಣೆಯ ದೊಡ್ಡ ಕಲೆಯಿತ್ತು. ಹೋದ ವರ್ಷ ಇಬ್ರಾಹಿಂಪುರದಲ್ಲಿ ಇದೇ ಭಾಗ ಓದುವಾಗ ಲಿಲ್ಲಿ ದೀಪ ಉರುಳಿಸಿದ್ದಳು. ಆ ಕಲೆ ನನಗೆ ಅಂದು ಮೊದಲ ಸಲ ಕಂಡಿತೇ? ಅದು ಐದಾರು ಹಾಳೆಗಳಿಗೆ ಇಳಿದಿತ್ತು. ಮೂರು ಗುಡಾರದ ಹಾಳೆಯಲ್ಲೂ ಇತ್ತು. ಬೂದಿಯ ಬುಧವಾರದ ಹಾಳೆಯಲ್ಲೂ ಇದ್ದಿರಬೇಕು.

ಆಮೇಲೆ ಯೋಚಿಸಿದ್ದೇನೆ. ತಪ್ಪು ಪಟ್ಟಿ ಎರಡು ಸಲ ಸರಿ ಹೇಳಿತು, ಮೂರನೆಯ ಸಲ ಕೊಂದಿತು. ಸರಿಯಾದ ಪಟ್ಟಿ ಸರಿ ಹೇಳಿದರೂ ಪೆಟ್ಟಿಗೆಯಲ್ಲಿತ್ತು. ಇದರಿಂದ ದೇವರಿದ್ದಾನೆಂದಾಗಲಿ ಇಲ್ಲವೆಂದಾಗಲಿ ಸಾಧಿಸಲಾರೆ. ಸಾಧಿಸಬಹುದಾದದ್ದು ಒಂದೇ: ನನಗೆ ಬೇಕಾದ ಮಾತು ಬರುವವರೆಗೆ ನಾನು ಓದಿದೆ.

ಕಾರ್ಮಿನ್ ಆ ಭಾನುವಾರದ ನಂತರವೂ ಒಂದೇ ಊಟ ಮುಂದುವರಿಸಿದಳು. ನೀಲವ್ವನ ದುಃಖವೆಂದುಕೊಂಡೆ. ಹೀಗೆ ಮೂರು ವಾರ. ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಎದ್ದಾಗ ಲಿಲ್ಲಿಗೆ ಸ್ನಾನ ಮಾಡಿಸಿ ತಲೆ ಬಾಚಿದ್ದಳು, ತಟ್ಟೆಯಲ್ಲಿ ಮೂರು ಬೇಯಿಸಿದ ಮೊಟ್ಟೆಗಳಿದ್ದವು.

"ಇವತ್ತು ಹಬ್ಬ" ಎಂದಳು.

ಗೂಟಕ್ಕೆ ತೂಗುಹಾಕಿದ್ದ ನನ್ನ ಕೋಟನ್ನು ಮುಟ್ಟಿ ನೋಡಿದೆ. ಒಳಜೇಬು ಖಾಲಿಯಿತ್ತು. ಬಿಳಿ ನೂಲಿನ ಪಟ್ಟಿ ಶಿಲುಬೆಯ ಕೆಳಗೆ, ಆ ದಿನದ ಹಾಳೆಗೆ ತೆರೆದು ಇಟ್ಟಿತ್ತು. ಎಷ್ಟು ದಿನದಿಂದ ಅವಳಿಗೆ ಗೊತ್ತು ಎಂದು ನಾನು ಕೇಳಲಿಲ್ಲ. ನನಗೆ ಎಷ್ಟು ದಿನದಿಂದ ಗೊತ್ತು ಎಂದು ಅವಳೂ ಕೇಳಲಿಲ್ಲ. ಕೂತು ಓದಿದೆ. ಮನೆಗೊಂದು, ಕೆಲಸಕ್ಕೊಂದು ಹೇಳಿದೆ. ನನಗೊಂದು ಎಂಬಲ್ಲಿ ನಿಂತೆ. ಅವಳು ಕಾದಳು. ಇಂದಿಗೂ ಪ್ರತಿ ಸಂಜೆ ಅಷ್ಟು ಹೊತ್ತು ಕಾಯುತ್ತಾಳೆ.

ಶಾಲೆಯ ಕೆಲಸ ಹೇಗೋ ಉಳಿಯಿತು. ಎರಡು ವರ್ಷಕ್ಕೆ ಊರು ಬಿಡುವ ಕಾಲು ಇಲ್ಲೇ ನಿಂತಿದೆ. ಚಳಿಗಾಲ ಬಂದಾಗ ಮಲ್ಲೇಶಪ್ಪ ಟಿಕೋಟದಿಂದ ಬರುತ್ತಾನೆ, ಅಕ್ಕ ಕೂರುತ್ತಿದ್ದ ಹೊಸ್ತಿಲ ಆಚೆಯೇ ಕೂರುತ್ತಾನೆ, "ಏನ ಬಂದೈತ್ರಿ ಮಾಸ್ತರ?" ಎನ್ನುತ್ತಾನೆ. ಅವನಿಗೆ ಪಟ್ಟಿಯ ವಿಷಯ ಹೇಳಿದ್ದೇನೆ. ಎಲ್ಲವನ್ನೂ ಕೇಳಿ ಅವನು, "ನಮ್ಮ ಅಕ್ಕ ಯಾರ ಮಾತೂ ಕೇಳದಾಕಿ. ನಿಮ್ಮ ಮಾತ ಕೇಳಿದ್ಳು" ಎಂದ. ಅದು ಕ್ಷಮೆಯೋ ತೀರ್ಪೋ ತಿಳಿಯಲಿಲ್ಲ. ಮುಂದಿನ ಚಳಿಗಾಲವೂ ಬಂದ.

ಹೋದ ಮೇ ತಿಂಗಳಲ್ಲಿ ಊರಿಗೆ ಬಂದಿದ್ದೆವು. ನಿಮ್ಮಲ್ಲಿ ಹಲವರು ನೋಡಿದಿರಿ. ಮಾತಿನ ನಡುವೆ ನನ್ನ ಬಾಯಿಂದ "ರಿ" ಹೊರಟಾಗ ನಕ್ಕಿರಿ. ಇಲ್ಲಿ ಹುಡುಗರು ನನ್ನ "ಅಲ್ಲವೋ"ಗೆ ನಗುತ್ತಾರೆ. ಅದೇನೂ ದೊಡ್ಡದಲ್ಲ. ಒಂದು ಮಧ್ಯಾಹ್ನ, ಹೊರಗೆ ಮೋಡ ಕಟ್ಟಿತ್ತು, ಅಮ್ಮನ ಅಡುಗೆಮನೆಯ ಮೂಲೆಯಿಂದ ನಾತ ಬಂತು. ಊಟಕ್ಕೆ ಕೂತಿದ್ದವನು ಎದ್ದೆ. ಮಣೆ ಸರಿಸಿದೆ, ಭರಣಿಗಳನ್ನು ಸರಿಸಿದೆ, ಅಕ್ಕಿ ಮುಡಿಯ ಹಿಂದೆ ಕೋಲು ಹಾಕಿ ತಡಕಿದೆ.

"ಏನು ಹುಡುಕುತ್ತಿ ಮಗಾ? ಒಣಮೀನು ಅದು" ಎಂದಳು ಅಮ್ಮ.

ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದೆ. ಮೀನಿತ್ತು. ಆದರೂ ಲಿಲ್ಲಿಯನ್ನು ಹೊರಗೆ ಕರೆದೆ.